ಅಮಾವಾಸ್ಯೆಗೆ ಹತ್ತುವ ಲಾಲ್ ಬತ್ತಿ

ಯಾರ ಗಾಡಿ ಹತ್ತಿದರೂ ನನ್ನ ಕಣ್ಣು ಮೊದಲು ಹೋಗುವುದು ಸ್ಟೇರಿಂಗಿನ ಹಿಂದಿರುವ ದೀಪಗಳ ಕಡೆಗೆ. ಕೀಲಿ ಅರ್ಧ ತಿರುಗಿಸಿದಾಗ ಅವೆಲ್ಲ ಒಮ್ಮೆಲೇ ಹತ್ತುತ್ತವಲ್ಲ, ಆಮೇಲೆ ಒಂದೊಂದಾಗಿ ಆರುತ್ತವಲ್ಲ, ಅಷ್ಟೂ ಆರುವ ತನಕ ನಾನು ಉಸಿರು ಬಿಡುವುದಿಲ್ಲ. ಮೊನ್ನೆ ಬೀದರ್ ಬಸ್ ನಿಲ್ದಾಣದಿಂದ ಮನೆಗೆ ಬಾಡಿಗೆ ಕಾರಿನಲ್ಲಿ ಬರುವಾಗಲೂ ಹಾಗೇ ಕತ್ತು ಚಾಚಿ ನೋಡುತ್ತಿದ್ದೆ. ಡ್ರೈವರ್ ಗಾಬರಿಯಾಗಿ, "ಏನಾರ ಬಿದ್ದದೇನ್ರಿ ಕಾಕಾ?" ಎಂದು ಕೇಳಿದ. ಏನೂ ಬಿದ್ದಿಲ್ಲಪ್ಪ, ಹಳೇ ಚಟ ಎಂದೆ. ಚಟ ಎಂದ ಮೇಲೆ ಅದಕ್ಕೊಂದು ಕಥೆ ಇರಲೇಬೇಕು. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ. ಇರದಿದ್ದರೂ ಹೇಳುತ್ತೇನೆ, ಏಕೆಂದರೆ ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ಕೇಳುವವರ ಪುರಸೊತ್ತು ವಿಚಾರಿಸಿ ಅಭ್ಯಾಸವಿಲ್ಲ.

ಆಗ ನನ್ನ ಕಾಲೇಜು ಭಾಲ್ಕಿಯಲ್ಲಿ, ಮನೆ ಬೀದರಿನಲ್ಲಿ, ಅವ್ವನ ತವರು ಔರಾದ ಕಡೆಯ ಒಂದು ಹಳ್ಳಿಯಲ್ಲಿ. ಈ ಮೂರು ಮೂಲೆಗಳ ನಡುವೆ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಒಂದು ಹಳೆಯ ದೊಡ್ಡ ಗಾಡಿ ಕೊಂಡೆ. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಸಿಗುವಂಥ ಗಾಡಿ. ನನಗಿಂತ ಮೊದಲು ಅದು ಇಬ್ಬರ ಕೈಯಲ್ಲಿ ನುರಿದಿತ್ತು. ಮಾರಿದವನು ಬಾನೆಟ್ಟಿನ ಮೇಲೆ ಒಂದು ಗುದ್ದು ಹಾಕಿ, "ಎಂಥಾ ಕೆಸರಿದ್ರೂ ಎಳ್ಕೊಂಡು ಹೋಗ್ತದ್ರಿ ಸರ" ಎಂದಿದ್ದ. ಮಾತು ನಿಜವೇ ಇರಬೇಕು. ಆದರೆ ನಾನು ಅದನ್ನು ಕೊಂಡದ್ದು ಮಳೆ ಎರಡನೆಯ ವರ್ಷವೂ ಕೈಕೊಟ್ಟ ಕಾಲದಲ್ಲಿ. ಬೀದರಿನಿಂದ ಔರಾದದವರೆಗೆ ಎಮ್ಮೆ ಹೊರಳುವಷ್ಟೂ ಕೆಸರಿರಲಿಲ್ಲ. ಒಣಗಿದ ಮಾಂಜ್ರಾ ನದಿಯ ಸೇತುವೆಯ ಕೆಳಗೆ ಕ್ರಿಕೆಟ್ ಆಡುತ್ತಿದ್ದರು. ಕೆಸರಿನ ಗಾಡಿ ಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಲ್ಲವೇ ಎಂದು ಸಹೋದ್ಯೋಗಿಗಳು ಕಾಡಿದರು. ನಾಲ್ಕು ಗಾಲಿ ಕೂಡಿಸುವ ಆ ಹಿಡಿಯನ್ನು ನಾನು ಎಳೆದದ್ದು ಒಂದೇ ಒಂದು ಸಲ, ಅದೂ ಮನೆಯ ಮುಂದೆ, ಪಕ್ಕದ ಮನೆಯವರು ನೋಡಲಿ ಎಂದು.

ಗಾಡಿ ಬಂದ ದಿನವೇ ಅವ್ವನಿಗೆ ದೃಷ್ಟಿಯ ಚಿಂತೆ ಹತ್ತಿತು. ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ನಮ್ಮೂರು ಜನವಾಡದ ಸಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅಪ್ಪ ಬೌದ್ಧ ಧಮ್ಮ ಸ್ವೀಕರಿಸಿ, ಗೋಡೆಯ ಮೇಲಿನ ಪಟಗಳನ್ನೆಲ್ಲ ಇಳಿಸಿ, ತಾಯತ, ಲಿಂಬೆಹಣ್ಣುಗಳಿಗೆಲ್ಲ ಹೊಸ್ತಿಲಾಚೆಯ ದಾರಿ ತೋರಿಸಿದ್ದ. ಅವ್ವ ಎದುರಾಡಲಿಲ್ಲ. ಮನಸ್ಸಿಟ್ಟೇ ಅವನ ಜೊತೆ ಹೋದಳು. ಬುದ್ಧವಂದನೆಯನ್ನು ಇವತ್ತಿಗೂ ನನಗಿಂತ ಚೆನ್ನಾಗಿ ಹೇಳುತ್ತಾಳೆ. ಆದರೆ ದೃಷ್ಟಿಯನ್ನು ಮಾತ್ರ ಅವಳು ಧರ್ಮದ ಬಾಬತ್ತಿಗೆ ಸೇರಿಸಿರಲೇ ಇಲ್ಲ. ಅದು ಅವಳಿಗೆ ನೆಗಡಿ, ಕೆಮ್ಮಿನ ಸಾಲಿನದು. ನನಗೆ ಜ್ವರ ಬಂದರೆ ಅಪ್ಪ ಇಲ್ಲದ ಹೊತ್ತು ನೋಡಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅಪ್ಪ ಬಂದು ಸೀನುತ್ತ, "ಏನಿದು ಘಾಟು?" ಎಂದರೆ, "ವಗ್ಗರಣಿ ಸೀದದ" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಒಗ್ಗರಣೆ ಸೀದಷ್ಟು ಜನವಾಡದ ಬೇರೆ ಯಾರ ಮನೆಯಲ್ಲೂ ಸೀದಿರಲಿಕ್ಕಿಲ್ಲ.

ಈಗ ಅವಳ ಬೇಡಿಕೆ ಇಷ್ಟೇ: ಪ್ರತಿ ಅಮಾವಾಸ್ಯೆಗೆ ಒಂದು ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಒಂದು ಇದ್ದಿಲು ತಂತಿಗೆ ಪೋಣಿಸಿ ಗಾಡಿಗೆ ಕಟ್ಟಬೇಕು. ನಾನೋ ಕಾಲೇಜಿನ ವೇದಿಕೆ ಹತ್ತಿ ಮೂಢನಂಬಿಕೆಯ ವಿರುದ್ಧ ಗಂಟೆಗಟ್ಟಲೆ ಮಾತಾಡುವವನು. ನನ್ನ ಗಾಡಿಯ ಬಂಪರಿಗೆ ಲಿಂಬೆಹಣ್ಣು ತೂಗಾಡಿದರೆ ವಿದ್ಯಾರ್ಥಿಗಳು ಬಿಡುತ್ತಾರೆಯೇ? ಎರಡು ದಿನ ವಾದ ನಡೆಯಿತು. ಎರಡನೆಯ ದಿನ ಅವ್ವ ಊಟ ಬಿಟ್ಟಳು. ಕೊನೆಗೆ ನಾನೇ ಒಂದು ರಾಜಿಸೂತ್ರ ತೆಗೆದೆ. "ಕಟ್ಟವ್ವ, ಆದ್ರ ಯಾರಿಗೂ ಕಾಣಬಾರ್ದು." ಮುಂದಿನ ಎಡಗಾಲಿಯ ಒಳಬದಿಗೆ ಬಗ್ಗಿ ನೋಡಿದೆ. ಅಲ್ಲೊಂದು ಸಣ್ಣ ಕಬ್ಬಿಣದ ಪಟ್ಟಿ ಇತ್ತು, ಅದರ ಬೆನ್ನಿಗೊಂದು ಕಪ್ಪು ತಂತಿ ಹಾದುಹೋಗಿತ್ತು. ಅವ್ವ ಕೂತು ಕೈ ಹಾಕಿದರೆ ಸಿಗುವ ಜಾಗ, ದಾರಿಹೋಕರ ಕಣ್ಣಿಗೆ ಬೀಳದ ಜಾಗ. ಅವ್ವನಿಗೆ ಸಮಾಧಾನವಾಯಿತು, ನನ್ನ ಮರ್ಯಾದೆ ಉಳಿಯಿತು. ಆಮೇಲೆ ನಾನದನ್ನು ಮರೆತೇಬಿಟ್ಟೆ.

ತಿಂಗಳೊಪ್ಪತ್ತಿನಲ್ಲಿ ದೀಪ ಹತ್ತಿತು. ಒಂದಲ್ಲ, ಎರಡು. ಬ್ರೇಕ್ ಒಮ್ಮೆಲೇ ತುಳಿದರೂ ಗಾಲಿ ಕಚ್ಚಿ ಜಾರದಂತೆ ನೋಡಿಕೊಳ್ಳುವ ಒಂದು ಕಂಪ್ಯೂಟರು ಈ ಗಾಡಿಯಲ್ಲಿತ್ತು. ಅದಕ್ಕೆ ತೊಂದರೆಯಾದರೆ ಹಳದಿ ದೀಪ. ಅದರ ಪಕ್ಕದ್ದು ಬ್ರೇಕಿನದೇ ಕೆಂಪು ದೀಪ. ಬೆಳಿಗ್ಗೆ ಮನೆಯ ಮುಂದೆ ಗಾಡಿ ಚಾಲು ಮಾಡಿದಾಗ ಎಲ್ಲ ಸರಿಯಾಗಿಯೇ ಆರಿದವು. ಓಣಿಯ ತಿರುವು ದಾಟುವಷ್ಟರಲ್ಲಿ ಎರಡೂ ಜೋಡಿಯಾಗಿ ಹತ್ತಿಕೊಂಡವು. ನಾನು ಭಾಲ್ಕಿಯ ತನಕ ಎತ್ತಿನ ಬಂಡಿಯ ವೇಗದಲ್ಲಿ ಹೋಗಿ ಸೀದಾ ಖಾಸೀಂ ಉಸ್ತಾದರ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಉಸ್ತಾದರನ್ನು ನೀವು ನೋಡಬೇಕಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಆನಿಸಿ, ಕಣ್ಣು ಮುಚ್ಚಿ, "ಮೂರನೇ ವಾಲ್ ಅಳ್ಳಕದ" ಎನ್ನುವವರು. ಮೂವತ್ತೈದು ವರ್ಷದ ಕಸುಬು. ಕಾಲೇಜು ಬಿಟ್ಟ ಮೇಲೆ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಚಹಾ ಕುಡಿಯದೆ ನಾನು ಬೀದರಿಗೆ ಹೊರಟದ್ದೇ ಇಲ್ಲ. ಗಾಡಿ ಕೊಳ್ಳುವ ಮುಂಚೆಯೂ ಅಲ್ಲೇ ಕೂಡುತ್ತಿದ್ದೆ. ಭಾಲ್ಕಿಯಲ್ಲಿ ನನಗಿದ್ದ ಗೆಳೆಯ ಅವರೊಬ್ಬರೇ.

ಅವರು ಅವತ್ತು ಬ್ರೇಕಿನ ಎಣ್ಣೆ ನೋಡಿದರು, ಸರಿಯಿತ್ತು. ಕೈಬ್ರೇಕಿನ ಸ್ವಿಚ್ ಒತ್ತಿ ಬಿಟ್ಟು ನೋಡಿದರು. ನಾಲ್ಕೂ ಗಾಲಿಗಳ ಸಂದಿಯಲ್ಲಿ ಬೆರಳು ತೂರಿಸಿ ಪ್ಯಾಡುಗಳ ದಪ್ಪ ಅಳೆದರು. ಬಯಲಿಗೆ ಒಯ್ದು ಎರಡು ಸಲ ಬ್ರೇಕ್ ತುಳಿದರು. "ಬಿರೇಕ್ ಛಲೋ ಅವರಿ ಸರ. ಬತ್ತಿ ಏನೋ ಬ್ಯಾರೇನೇ ಹೇಳ್ಲತ್ತದ. ಅದರ ಭಾಷಾ ನನಗ ಬರಂಗಿಲ್ಲ." ಇಷ್ಟು ಹೇಳಿ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾರಣವಿತ್ತು. ಎರಡು ತಿಂಗಳಿಂದ ಅಂಗಡಿಗೆ ಕೆಲಸವೇ ಇರಲಿಲ್ಲ. ಟ್ರ್ಯಾಕ್ಟರುಗಳು ಬೇವಿನ ಮರದ ಕೆಳಗೆ ನಿಂತಿದ್ದವು, ಅವುಗಳ ಡ್ರೈವರುಗಳು ಹೈದರಾಬಾದಿಗೋ ಪುಣೆಗೋ ಸಂಸಾರ ಸಮೇತ ಹೋಗಿದ್ದರು. ಉಸ್ತಾದರ ಹೆಂಡತಿಯ ತಮ್ಮ ಹೈದರಾಬಾದಿನಲ್ಲಿ ಗ್ಯಾರೇಜು ಇಟ್ಟಿದ್ದ. ಬನ್ನಿ ಎಂದು ವಾರಕ್ಕೊಂದು ಫೋನು. ವಿದ್ಯುತ್ ಅಳೆಯುವ ಮೀಟರೊಂದನ್ನೂ ಕಳಿಸಿಕೊಟ್ಟಿದ್ದ. ಅದು ಪ್ಲಾಸ್ಟಿಕ್ ಬಿಚ್ಚದೆ ಕಪಾಟಿನಲ್ಲಿ ಮಲಗಿತ್ತು.

"ಅಲ್ಲಿ ಬರೇ ಕಂಪ್ಯೂಟರ್ ಗಾಡಿ ಬರ್ತಾವಂತ್ರಿ ಸರ," ಎಂದರು. "ಈಗ ನಾ ಒಂದು ಫೈಸಲಾ ಮಾಡೇನಿ. ನಿಮ್ಮ ಈ ಬತ್ತಿ ನನಗ ಸಿಕ್ಕಿತಂದ್ರ ಇಲ್ಲೇ ಇರ್ತೇನಿ. ಮಳಿ ಇವತ್ತಿಲ್ಲಾ ನಾಳಿ ಬರ್ತದ. ಸಿಗಲಿಲ್ಲಂದ್ರ ಅಂಗಡಿ ಮುಚ್ಚಿ ಹೋಗಿ ಹೆಂಡ್ತಿ ತಮ್ಮನ ಕೈಕೆಳಗ ಪಾನಾ, ಸ್ಪ್ಯಾನರ್ ಒರಸ್ಕೋತ ಕೂಡ್ತೇನಿ."

ಗಾಡಿಯ ಚಿಂತೆ ಅಲ್ಲಿಗೇ ಹಿಂದೆ ಸರಿಯಿತು. ಹೇಗಾದರೂ ಮಾಡಿ ಈ ದೀಪದ ಗುಟ್ಟು ಉಸ್ತಾದರ ಕೈಗೇ ಸಿಗಬೇಕು, ಅವರು ಭಾಲ್ಕಿಯಲ್ಲೇ ಉಳಿಯಬೇಕು. ಅವರ ಒಳ್ಳೆಯದಕ್ಕೆ ಎಂದು ನಾನು ಅಂದುಕೊಂಡಿದ್ದೆ. ನನ್ನ ಚಹಾದ ಬೆಂಚಿನ ಸಲುವಾಗಿ ಎಂದು ಒಪ್ಪಿಕೊಳ್ಳಲು ಬಹಳ ದಿನ ಬೇಕಾದವು.

ನಾನು ಸುಮ್ಮನಿರುವ ಪೈಕಿಯಲ್ಲ. ಸುಳಿವು ತರೋಣವೆಂದು ಬೀದರಿನ ಇಬ್ಬರು ಮೆಕ್ಯಾನಿಕರ ಬಳಿ ಹೋದೆ. ಮೊದಲನೆಯವನು ಗಾಡಿಯೊಳಗೆ ಕೂತು, ಜೇಬಿನಿಂದ ಕರಿ ಟೇಪು ತೆಗೆದು, ಎರಡು ತುಂಡು ಹರಿದು ಎರಡೂ ದೀಪಗಳ ಮೇಲೆ ನೀಟಾಗಿ ಹಚ್ಚಿ, "ಹೋಯ್ತು ನೋಡ್ರಿ" ಎಂದ. ಓಣಿ ದಾಟಿದ ಮೇಲೆ ಆ ಟೇಪು ಕಿತ್ತು ಬಿಸಾಕಿದೆ. ಎರಡನೆಯವನ ಹತ್ತಿರ ಸ್ಕ್ಯಾನರ್ ಇತ್ತು. ಅದು ಮುಂದಿನ ಎಡಗಾಲಿಯ ಕಡೆ ಬೆರಳು ತೋರಿಸಿತು. ಅವನು ಕಂಪ್ಯೂಟರಿನ ನೆನಪು ಅಳಿಸಿದ, ದೀಪ ಆರಿತು. ಮೂರು ವಾರ ಬಿಟ್ಟು ಮತ್ತೆ ಹತ್ತಿತು.

ಆ ದೀಪದಿಂದ ಔರಾದ ಕಡೆ ಆದ ಫಜೀತಿಯನ್ನೂ ಹೇಳಿಬಿಡುತ್ತೇನೆ. ಒಂದು ದಿನ ಅವ್ವನನ್ನು ಕರೆದುಕೊಂಡು ಸೋದರಮಾವನ ಊರಿಗೆ ಹೊರಟಿದ್ದೆ. ದಾರಿಯಲ್ಲಿ ದೀಪ ಹತ್ತಿತು. ನಿಲ್ಲಿಸಿ ಮಾವನಿಗೆ ಫೋನು ಹಚ್ಚಿ, "ಮಾಮಾ, ಗಾಡಿಗಿ ಲಾಲ್ ಬತ್ತಿ ಹತ್ಯದ, ನಿಧಾನಕ ಬರ್ತೇವಿ" ಎಂದೆ. ಮಾವ ಚಾವಡಿಯಲ್ಲಿ ಕೂತು ಮಾತಾಡುತ್ತಿದ್ದನಂತೆ. ಲಾಲ್ ಬತ್ತಿ ಗಾಡಿ ಎಂದರೆ ನಮ್ಮ ಕಡೆ ಒಂದೇ ಅರ್ಥ: ನೆತ್ತಿಯ ಮೇಲೆ ಕೆಂಪು ದೀಪ ತಿರುಗುವ ಸಾಹೇಬರ ಗಾಡಿ. ನಾವು ಮುಟ್ಟುವಷ್ಟರಲ್ಲಿ ಊರಲ್ಲಿ ಉಳಿದಿದ್ದ ಅರವತ್ತು ಎಪ್ಪತ್ತು ಜನ ಅಗಸಿ ಬಾಗಿಲಲ್ಲಿ ಸೇರಿದ್ದರು. ಅರ್ಧ ಮನೆಗಳಿಗೆ ಬೀಗ, ಉಳಿದರ್ಧ ಮನೆಗಳವರ ಕೈಯಲ್ಲಿ ಅರ್ಜಿ. ಗಾಡಿಯಿಂದ ನಾನು, ಅವ್ವ, ಒಂದು ಬುಟ್ಟಿ ಬದನೆಕಾಯಿ ಇಳಿದೆವು. ಒಬ್ಬ ಮುದುಕಿ ಮಾತ್ರ ನನ್ನನ್ನು ಬಿಡಲಿಲ್ಲ. "ಸಾಹೇಬ ಇಲ್ದಿದ್ರ ಇರ್ಲಿ, ಓದಿದವ ಇದ್ದೀಯಲ್ಲಪ್ಪ, ಟ್ಯಾಂಕರ್ ಎರಡು ದಿನಕ್ಕೊಮ್ಮಿ ಬರಂಗ ಬರಿ" ಎಂದಳು. ಕೂತು ಹನ್ನೊಂದು ಅರ್ಜಿ ಬರೆದುಕೊಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಿಜ್ಞಾನದವನ ಕೊನೆಯ ಆಸರೆ ನೋಟುಬುಕ್ಕು. ದೀಪ ಹತ್ತಿದ ದಿನ, ಆರಿದ ದಿನ, ಎಷ್ಟು ದೂರ ಓಡಿತ್ತು, ಬಿಸಿಲೆಷ್ಟು, ತಗ್ಗು ಬಂದಿತ್ತೇ, ಎಲ್ಲ ಬರೆದಿಟ್ಟೆ. ಯಾವುದಕ್ಕೂ ಯಾವುದೂ ತಾಳೆಯಾಗಲಿಲ್ಲ. ಒಂದು ಮುಂಜಾನೆ ಅವ್ವ ಅಕ್ಕಿ ಆರಿಸುತ್ತ ನನ್ನ ಗೊಣಗಾಟ ಕೇಳಿ, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟಳು.

"ಯಾವ್ ಯಾವ್ ತಾರೀಖಂತಿ? ಓದು ತಮ್ಮಾ."

ನಾನು ಓದುತ್ತ ಹೋದೆ. ಅವಳ ಬೆರಳು ಪ್ರತಿ ಸಲವೂ ಕರಿ ಚಂದ್ರನ ಗುರುತಿನ ಮೇಲೋ, ಅದರ ಮಗ್ಗುಲ ಮನೆಯ ಮೇಲೋ ನಿಂತಿತು. ಆರಕ್ಕೆ ಆರೂ ಅಮಾವಾಸ್ಯೆ. ದೀಪ ಹತ್ತುವುದು, ಏಳೆಂಟು ದಿನ ಉರಿಯುವುದು, ತಾನೇ ಆರುವುದು. "ನಾ ಹೇಳಿದ್ದಿಲ್ಲೇನ?" ಎಂದು ಮತ್ತೆ ಅಕ್ಕಿಯ ಮುಂದೆ ಕೂತಳು.

ನನ್ನ ಪಾಡು ಕೇಳಬೇಡಿ. ಬೌದ್ಧರ ಮನೆಯಲ್ಲಿ ಹುಣ್ಣಿಮೆಗೆ ಬೆಲೆ, ಅಮಾವಾಸ್ಯೆಗೆ ಏನು ಕೆಲಸ? ಆದರೆ ಅಂಕಿಗಳು ನನ್ನವೇ, ಅಕ್ಷರವೂ ನನ್ನದೇ. ಕಡಲಿನ ಭರತ ಇಳಿತಕ್ಕೆ ಚಂದ್ರ ಕಾರಣನಲ್ಲವೇ, ಬ್ರೇಕಿನ ಎಣ್ಣೆಯೂ ದ್ರವವಲ್ಲವೇ ಎಂದು ಯೋಚಿಸಿ, ಚಂದ್ರನ ಸೆಳೆತ ಆ ಅರ್ಧ ಲೀಟರ್ ಎಣ್ಣೆಯ ಮೇಲೆ ಎಷ್ಟೆಂದು ಒಂದು ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಗುಣಿಸಿದೆ. ಸೊಳ್ಳೆಯ ರೆಕ್ಕೆಯ ಭಾರಕ್ಕೂ ಸಾಲದಷ್ಟು ಬಂತು. ಗುಣಿಸಿದ ಹಾಳೆಯನ್ನು ಯಾರೂ ನೋಡದಂತೆ ಹರಿದುಹಾಕಿದೆ.

ಮುಂದಿನ ಅಮಾವಾಸ್ಯೆಯ ಮರುದಿನ ರವಿವಾರ. ದೀಪ ತಪ್ಪದೆ ಹತ್ತಿತ್ತು. ನೋಟುಬುಕ್ಕು ಹಿಡಿದು ಭಾಲ್ಕಿಗೆ ಹೋಗಿ ಎಲ್ಲ ಹೇಳಿದೆ. ಉಸ್ತಾದರು ನಗಲಿಲ್ಲ. "ಅಮಾಸಿಗಿ ಗಾಡಿಗಿ ಏನಾಗ್ತದೋ ಗೊತ್ತಿಲ್ರಿ. ಆದ್ರ ಗಾಲಿ ಎಡಗಡೀದು ಅಂತಂದ್ರ ಮೊದಲ ಅದಕ್ಕೇ ಕೈ ಹಾಕೋಣು" ಎಂದು ಜಾಕು ಕೊಟ್ಟರು. ಗಾಲಿಯ ಮಗ್ಗುಲಿಂದ ಕಿರುಬೆರಳಿನಷ್ಟು ಒಂದು ಕರಿ ಸೆನ್ಸರನ್ನು ಬಿಚ್ಚಿ ತೆಗೆದರು. ನಟ್ಟು ಬಿಚ್ಚಿದ ಪಾನಾ ಅದರ ತುದಿಗೆ ಟಕ್ಕೆಂದು ಅಂಟಿಕೊಂಡಿತು.

"ಸರ, ಇದರಾಗ ಚುಂಬಕ ಅದ!"

ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಚುಂಬಕದ ಸುತ್ತ ತಂತಿಯ ಸುರುಳಿ. ಅದರ ಮುಂದೆ ಗಾಲಿಯ ಜೊತೆ ತಿರುಗುವ ಹಲ್ಲಿನ ಬಳೆ. ಹಲ್ಲು ಬಂದಾಗೊಮ್ಮೆ, ಸಂದು ಬಂದಾಗೊಮ್ಮೆ ಸುರುಳಿಯಲ್ಲಿ ಚೂರು ವಿದ್ಯುತ್ ಏಳುತ್ತದೆ. ಗಾಲಿ ಜೋರಾದಷ್ಟೂ ಅದೂ ಜೋರು. ಇದು ನನ್ನದೇ ಪಾಠ! ವರ್ಷಕ್ಕೊಮ್ಮೆ ಹಲಗೆಯ ಮೇಲೆ ಸುರುಳಿ ಬರೆದು, ಪಕ್ಕದಲ್ಲಿ ಚುಂಬಕ ಬರೆದು, ಬಾಣದ ಗುರುತು ಹಾಕಿ, ಕೊನೆಯ ಬೆಂಚಿನವರ ನಿದ್ದೆ ಕೆಡಿಸುತ್ತಿದ್ದ ಪಾಠ. ಆ ಪಾಠದ ನಾಲ್ಕು ಪ್ರತಿಗಳ ಮೇಲೆ ಕೂತು ದಿನಾ ಕಾಲೇಜಿಗೆ ಬರುತ್ತಿದ್ದವನಿಗೆ ಅದು ಗೊತ್ತೇ ಇರಲಿಲ್ಲ.

ಸೆನ್ಸರನ್ನು ಮತ್ತೆ ಕೂಡಿಸಿ, ಕಪಾಟಿನ ಮೀಟರಿನ ಪ್ಲಾಸ್ಟಿಕ್ ಬಿಚ್ಚಿದೆವು. ನಾನು ಮೀಟರ್ ಹಿಡಿದೆ, ಉಸ್ತಾದರು ಗಾಲಿ ತಿರುಗಿಸಿದರು. ಬೇರೆ ಮೂರು ಗಾಲಿಗಳಲ್ಲೂ ಕೈಯಿಂದ ತಿರುಗಿಸಿದ ಕೂಡಲೇ ಅಂಕಿ ಏರಿತು, ಬಿಟ್ಟ ಕೂಡಲೇ ಇಳಿಯಿತು. ಅವರು ಸಣ್ಣವರಂತೆ ಹತ್ತು ಸಲ ತಿರುಗಿಸಿದರು. ಎಡಗಾಲಿಯ ಸೆನ್ಸರಿನ ಬುಡದಲ್ಲೂ ಅಂಕಿ ಬಂತು. ಆದರೆ ತಂತಿ ಕಂಪ್ಯೂಟರ್ ಕಡೆ ಹೋಗುವ ತುದಿಯಲ್ಲಿ ಹಿಡಿದರೆ ಸೊನ್ನೆ.

"ಅಂದ್ರ ಹುಟ್ಲತ್ತದ, ಮುಟ್ವಲ್ದು. ನಡುವ ಯಾರೋ ತಡೆದಾರ" ಎಂದು ಉಸ್ತಾದರು ತಂತಿಯನ್ನು ಎರಡು ಬೆರಳಲ್ಲಿ ಸವರುತ್ತ ಹೋದರು. ಕಣ್ಣು ಮುಚ್ಚಿದ್ದರು. ಗಾಲಿಯ ಗೂಡಿನ ಒಳಗೆ ಒಂದು ಕಡೆ ಕೈ ನಿಂತಿತು. ಹೊರಗೆ ಬಂದಾಗ ಆ ಕೈಯಲ್ಲಿ ಏಳು ಮಾಲೆಗಳ ಒಂದು ಗೊಂಚಲಿತ್ತು. ಆರು ಒಣಗಿ ಕರ್ರಗಾಗಿದ್ದವು. ಏಳನೆಯದು ಹಿಂದಿನ ದಿನದ್ದು, ಇನ್ನೂ ರಸ ತೊಟ್ಟಿಕ್ಕುತ್ತಿತ್ತು.

ನಾನು ತೋರಿಸಿದ ಜಾಗ ಅದೇ. ಆ ಪಟ್ಟಿಯ ಕೆಳಗೇ ಎರಡು ತಂತಿಗಳು ಕೂಡುವ ಪ್ಲಾಸ್ಟಿಕ್ ಗೂಡು, ಮೆಕ್ಯಾನಿಕರ ಮಾತಿನ ಕಪ್ಲರ್, ಇತ್ತು. ಅವ್ವ ಚುಚ್ಚಿ ಪೋಣಿಸಿದ ಹಣ್ಣಿನ ಹುಳಿ ತಂತಿಗುಂಟ ಇಳಿದು ಅದರೊಳಗೆ ಸೇರುತ್ತಿತ್ತು. ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ರಸ ಹಸಿಯಾಗಿದ್ದಷ್ಟು ದಿನ ದೀಪ, ಒಣಗಿದ ಮೇಲೆ ಮತ್ತೆ ಹೇಗೋ ನಡೆದುಬಿಡುವುದು. ಮಳೆ ಬಂದಿದ್ದರೆ ತೊಳೆದುಹೋಗುತ್ತಿತ್ತೇನೋ. ಕುಡಿಯಲು ನೀರಿಲ್ಲದ ವರ್ಷ ಗಾಡಿ ತೊಳೆಯಲು ಯಾರಿಗೆ ಮನಸ್ಸು ಬರುತ್ತದೆ?

ಉಸ್ತಾದರು ಆ ಗೊಂಚಲನ್ನು ನೆಲಕ್ಕೆ ಹಾಕಲಿಲ್ಲ. ಒಂದು ಹೊಸ ಪೇಪರ್ ಹಾಸಿ ಅದರ ಮೇಲೆ ಜೋಪಾನವಾಗಿ ಇಟ್ಟು, "ಅವ್ವಾರು ಕಟ್ಟಿದ್ದೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಕಟ್ಟಿದ್ದು ಅವ್ವ. ಜಾಗಾ ತೋರ್ಸಿದ್ದು ನಾನ್ರಿ."

ಆಗ ನೋಡಿ ಅವರು ನಕ್ಕದ್ದು. ನಕ್ಕು ನಕ್ಕು ನೆಲದ ಮೇಲೇ ಕೂತರು. ನಾನೂ ನಕ್ಕೆ, ನಗದೆ ಬೇರೆ ದಾರಿ ಇರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪೆಟ್ರೋಲ್ ಹಚ್ಚಿ ಪಿನ್ನು ಉಜ್ಜಿ, ಒಣಗಿಸಿ, ಕೂಡಿಸಿ, ಊರಾಚೆ ಎರಡು ಸುತ್ತು ಹೊಡೆದು ಬಂದರು. ಎರಡೂ ದೀಪಗಳು ಆರಿಯೇ ಇದ್ದವು. ಮನೆಗೆ ಬಂದು ಅವ್ವನಿಗೆ, ನಿನ್ನ ಲಿಂಬೆಹಣ್ಣೇ ಗಾಡಿಯನ್ನು ಕೆಡಿಸಿದ್ದು ಎಂದು ಹೇಳಿದರೆ, ಅವಳ ಮುಖ ಅರಳಿತು. "ಅಂದ್ರ ಲಿಂಬಿಹಣ್ಣಿನಾಗ ಶಕ್ತಿ ಅದ ಅಂತ ಒಪ್ಕೊಂಡಿ."

ಮರುದಿನ ಕಾಲೇಜು ಬಿಟ್ಟ ಮೇಲೆ ಜಿಲೇಬಿ ಕಟ್ಟಿಸಿಕೊಂಡು ಹೋದೆ. ಉಸ್ತಾದರು ಉಳಿಯುತ್ತಾರಲ್ಲ, ಅದರ ಸಂಭ್ರಮ. ಅವರು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಸರ, ರಾತ್ರೆಲ್ಲ ಒಂದು ಮಾತು ತಿಳೀವಲ್ದು. ಗಾಲಿ ನಿಂತಾಗ ಮೀಟರ್ ಸೊನ್ನಿ ತೋರಸ್ತದ. ಸೆನ್ಸರ್ ಕೆಟ್ಟಾಗೂ ಸೊನ್ನಿ. ಹಂಗಾದ್ರ ನಿಂತ ಗಾಲಿ ಯಾವುದು, ಕೆಟ್ಟದ್ದು ಯಾವುದು ಅಂತ ಕಂಪ್ಯೂಟರಿಗಿ ಹ್ಯಾಂಗ ತಿಳೀತದ?"

ಅಷ್ಟು ವರ್ಷ ಆ ಪಾಠ ಮಾಡಿದ್ದೆ. ಒಬ್ಬರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಬಾಯಲ್ಲಿದ್ದ ಜಿಲೇಬಿ ನುಂಗಿ ಯೋಚಿಸಿದೆ. ದೀಪ ಮನೆಯ ಮುಂದೆ ಹತ್ತದೆ ಓಣಿಯ ತಿರುವಿನಲ್ಲಿ ಏಕೆ ಹತ್ತುತ್ತಿತ್ತೆಂದು ಆಗ ತಿಳಿಯಿತು. "ನಿಂತಾಗ ಅದಕ್ಕೂ ತಿಳಿಯಂಗಿಲ್ರಿ ಉಸ್ತಾದ್. ಗಾಡಿ ಸ್ವಲ್ಪ ಉರುಳಬೇಕು. ಉರುಳಿದ ಮ್ಯಾಲೆ ಮೂರು ಗಾಲಿ ಮಾತಾಡಿ ಒಂದು ಸುಮ್ಮನಿದ್ರ, ಆಗ ಅದು ಕೆಟ್ಟದ ಅಂತ ಗೊತ್ತಾಗ್ತದ."

ಉಸ್ತಾದರು ಮೀಟರನ್ನು ಅದರ ಡಬ್ಬಿಯಲ್ಲಿಟ್ಟು ಮುಚ್ಚಿದರು.

"ನಾನೂ ಎಂಟು ತಿಂಗಳಿಂದ ನಿಂತೇನ್ರಿ ಸರ. ಕೆಟ್ಟೇನೋ ನಿಂತೇನೋ ನನಗೇ ತಿಳಿವಲ್ದು. ಹೈದರಾಬಾದಿಗಿ ಹೋಗ್ತೇನಿ."

"ಬತ್ತಿ ಸಿಕ್ಕರ ಇರ್ತೇನಿ ಅಂದಿದ್ರಲ್ಲ?"

"ಅಂದಿದ್ದೆ ಖರೇ. ಅವಾಗ ಹೆದರಿಕಿ ಇತ್ತು. ಅಲ್ಲಿ ಹೋದ್ರ ನಾ ಏನೂ ಅಲ್ಲ ಅಂತ ತಿಳೀತದ ಅಂತ ಹೆದರಿಕಿ. ಊರ ಮ್ಯಾಲಿನ ಪಿರೀತಿ ಅಂತ ಎಲ್ಲರಿಗೂ ಹೇಳಿದೆ, ನನ್ನ ಹೆಂಡ್ತಿಗೂ ಹೇಳಿದೆ. ನಿನ್ನಿ ಆ ಹೆದರಿಕಿ ಹೋಯ್ತು."

ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವರನ್ನು ಉಳಿಸಿಕೊಳ್ಳಲು ಆರು ತಿಂಗಳು ಆ ದೀಪದ ಬೆನ್ನು ಹತ್ತಿದವನು ನಾನು. ಅವರಿಗೆ ಮೀಟರ್ ಹಿಡಿಯಲು ಕಲಿಸಿದವನೂ ನಾನೇ. ಇರಿ ಎನ್ನಲು ಬಾಯಿ ತೆರೆದೆ. ಎಂಟು ತಿಂಗಳಲ್ಲಿ ಅವರ ಮುಖದ ಮೇಲೆ ಇಲ್ಲದ ಗೆಲುವು ಅವತ್ತಿತ್ತು, ಅದನ್ನು ನೋಡಿ ಜಿಲೇಬಿಯ ಪೊಟ್ಟಣ ಮುಂದೆ ತಳ್ಳಿದೆ. ಶುಕ್ರವಾರದ ನಮಾಜು ಮುಗಿಸಿ ಗಂಡ ಹೆಂಡತಿ ಇಬ್ಬರೂ ಹೊರಟರು. ಬಸ್ಸಿನ ತನಕ ನಾನೇ ಗಾಡಿಯಲ್ಲಿ ಬಿಟ್ಟುಬಂದೆ. ಬೆಂಚನ್ನು ಯಾರೋ ಪಕ್ಕದ ಚಹಾದಂಗಡಿಗೆ ಒಯ್ದರು.

ಎರಡು ತಿಂಗಳು ಅವರ ಸುದ್ದಿಯಿರಲಿಲ್ಲ. ನಾನಾಗಿಯೇ ಫೋನು ಮಾಡಲು ಧೈರ್ಯ ಸಾಲಲಿಲ್ಲ; ಪಾನಾ ಒರೆಸುತ್ತ ಕೂತಿದ್ದಾರೆಂದು ಕೇಳಬೇಕಾಗಿ ಬಂದರೆ ಏನು ಮಾಡಲಿ? ಒಂದು ದಿನ ತರಗತಿ ಮುಗಿಸಿ ಸೀಮೆಸುಣ್ಣದ ಕೈ ಕೊಡವುತ್ತಿದ್ದಾಗ ಫೋನು ಬಂತು. ಹಿಂದೆ ಇಂಜಿನ್ನುಗಳ ಗದ್ದಲ. ಸಲಾಮು ಇಲ್ಲ, ಕ್ಷೇಮ ಸಮಾಚಾರವಿಲ್ಲ.

"ಸರ," ಎಂದರು ಉಸ್ತಾದರು, "ಗಾಲಿ ಕೆಟ್ಟಿದ್ದಿಲ್ರಿ. ನಿಂತಿತ್ತು ಅಷ್ಟೇ."